ಅಂಗಳದ ಕೆಲಸ

ನನ್ನ ಮೊಮ್ಮಗಳು ಪಾರುವಿನ ಅಂಗುಳದ ಶಸ್ತ್ರಚಿಕಿತ್ಸೆ ಯಾದಗಿರಿಯಲ್ಲಿ ನಡೆಯುತ್ತಿದ್ದ ಹೊತ್ತಿನಲ್ಲಿ ನಾನು ಸಗರದ ನನ್ನ ಗದ್ದೆಯಲ್ಲಿ ಸಲಿಕೆ ಹಿಡಿದು ಕಾಲುವೆಯ ನೀರು ಹಾಯಿಸುತ್ತಿದ್ದೆ. ನನಗೆ ತಿಳಿಸಿರಲಿಲ್ಲ. ತಿಳಿಸಿದ್ದೆವು ಎಂದು ಮಗ, ಸೊಸೆ ಮತ್ತು ಸುರಪುರದ ಬೀಗತಿ ಮೂವರೂ ಇಂದಿಗೂ ಹೇಳುತ್ತಾರೆ. ತಿಳಿಸಿದ ಬಗೆ ಯಾವುದು ಎಂಬುದನ್ನು ಬರೆಯುತ್ತೇನೆ. ಓದಿದವರೇ ತೀರ್ಮಾನಿಸಲಿ.

ನಾನು ನಿವೃತ್ತ ಕನ್ನಡ ಮಾಸ್ತರ. ಹೆಂಡತಿ ತೀರಿಕೊಂಡ ಮೇಲೆ ಸಗರದ ಮನೆಯಲ್ಲಿ ಒಲೆಯೂ ನನ್ನದೇ, ಹೊಲವೂ ನನ್ನದೇ. ಮಗ ಮಲ್ಲಿಕಾರ್ಜುನ ಸೈದಾಪುರದ ಆಚೆಗಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಲೆಕ್ಕದಲ್ಲಿ ದುಡಿಯುತ್ತಾನೆ. ಸೊಸೆ ರೇಣುಕಾ ಸುರಪುರದವಳು. ಅವಳ ತಾಯಿ ನೀಲಮ್ಮನವರು ಅಂಗನವಾಡಿ ಕಾರ್ಯಕರ್ತೆಯಾಗಿದ್ದವರು. ಮಕ್ಕಳ ವಿಷಯದಲ್ಲಿ ತಮಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಅವರ ನಂಬಿಕೆ. ಆ ನಂಬಿಕೆಯನ್ನು ಯಾರೂ ಅಲುಗಿಸಿದ್ದನ್ನು ನಾನು ನೋಡಿಲ್ಲ.

ರೋಗವನ್ನು ಮೊದಲು ಕಂಡವನು ನಾನು. ಇದು ದಾಖಲಾಗಬೇಕು.

ಸುರಪುರದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ. ಹಾಡು ಮುಗಿದಿತ್ತು, ಹೆಂಗಸರು ಗುಗ್ಗರಿ ತಿನ್ನುತ್ತಿದ್ದರು. ರೇಣುಕಾ ಒಳಕೋಣೆಯಲ್ಲಿ ಹಾಲು ಕುಡಿಸಿ ಮಗುವನ್ನು ನನ್ನ ತೊಡೆಗೆ ಕೊಟ್ಟಳು. ಅದು ಒಮ್ಮೆ ಬಿಕ್ಕಿತು. ಹಾಲು ಬಾಯಿಂದ ಬರಲಿಲ್ಲ. ಎರಡೂ ಮೂಗಿನ ಹೊಳ್ಳೆಗಳಿಂದ ಇಳಿಯಿತು.

“ಮೂಗಿನಾಗಿಂದ ಹಾಲು ಬರಾಕತ್ತದ. ಇದು ಬರೋಬ್ಬರಿ ಇಲ್ಲ. ಯಾರಿಗಾದರೂ ತೋರಿಸ್ರಿ,” ಎಂದೆ.

ನೀಲಮ್ಮನವರು ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡರು. “ನೆತ್ತಿಗಿ ಹತ್ತ್ಯಾದ್ರಿ ಬೀಗರ. ಕೂಸಿಗಿ ಹಾಲು ಕುಡಿಸೋದು ನಿಮ್ಮ ಕಾಗುಣಿತ ಅಲ್ರಿ.”

ಹೆಂಗಸರೆಲ್ಲ ನಕ್ಕರು. ಆ ನಗೆಯನ್ನು ನಾನು ಮರೆತಿಲ್ಲ. ಯಾರ ಬಾಯಲ್ಲಿ ಗುಗ್ಗರಿ ಇತ್ತು, ಯಾರ ಬಾಯಲ್ಲಿ ಎಲೆಯಡಿಕೆ ಇತ್ತು ಎಂಬುದೂ ನೆನಪಿದೆ.

ಬಾಣಂತನ ಮುಗಿಸಿಕೊಂಡು ತಾಯಿ ಮಗು ಸಗರಕ್ಕೆ ಬಂದರು. ಮಗು ಮೈಹಿಡಿಯಲಿಲ್ಲ. ಮೇಲಿಂದ ಮೇಲೆ ನೆಗಡಿ, ಕಿವಿನೋವು. ಕುಡಿದದ್ದರಲ್ಲಿ ಅರ್ಧ ಮೂಗಿಗೆ. ಮಗುವನ್ನು ನೆಟ್ಟಗೆ ಕೂರಿಸಿ, ತಲೆಗೆ ಅಂಗೈ ಕೊಟ್ಟು, ಗುಟುಕು ಗುಟುಕಾಗಿ ಕುಡಿಸುವುದನ್ನು ನಾನೇ ರೂಢಿ ಮಾಡಿಕೊಂಡೆ. ತೋರಿಸಿದ ವೈದ್ಯರು ಗಂಟಲು ನೋಡದೆ ಎದೆ ನೋಡಿ, ಬೆಳೆಯುತ್ತ ಸರಿಹೋಗುತ್ತದೆ ಎಂದು ಕಳಿಸಿದರು. ತುಟಿ ಸೀಳಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಇವಳ ತುಟಿ ಗುಲಾಬಿ ಎಸಳಿನಂತೆ ಇಡಿಯಾಗಿತ್ತು.

ಮಾತು ಬರತೊಡಗಿದಾಗ ನನ್ನ ಸಂಕಟ ಶುರುವಾಯಿತು.

ತಾಯಿಯನ್ನು ಅವ್ವ ಎಂದಳು. ಅಪ್ಪ ಎನ್ನಬೇಕಾದಲ್ಲಿ ಅಮ್ಮ ಎಂದಳು. ಮಲ್ಲಿಕಾರ್ಜುನ ಕಾರ್ಖಾನೆಯಿಂದ ಫೋನು ಮಾಡಿದಾಗ ಇವಳು “ಅಮ್ಮಾ, ಅಮ್ಮಾ” ಎಂದು ಕೂಗುವುದನ್ನು ಕೇಳಿ ಅವನ ಸಂಗಡಿಗನೊಬ್ಬ, “ಏ ಮಲ್ಲು, ನಿನ್ನ ಮಗಳು ನಿನಗ ಸೀರಿ ಉಡಿಸ್ಯಾಳಲ್ಲೋ!” ಎಂದು ನಕ್ಕನಂತೆ. ತನ್ನ ಹೆಸರು ಪಾರು ಅವಳ ಬಾಯಲ್ಲಿ ಮಾರು ಆಯಿತು. ಅಜ್ಜನಾದ್ದರಿಂದ ಮುತ್ಯಾ ಎನಿಸಿಕೊಳ್ಳಬೇಕಾದ ನಾನು ಮುನ್ಯಾ ಆದೆ. ಮುನ್ಯಾ ನಮ್ಮೂರಿನ ಒಬ್ಬ ಕುರಿಕಾಯುವವನ ಹೆಸರು. ಸಜ್ಜನ, ಆದರೆ ನಾನಲ್ಲ.

ಆಯಿ ಮಾತ್ರ ಆಯಿಯೇ.

ತಾಯಿಯ ತಾಯಿಯನ್ನು ನಮ್ಮ ಮನೆಗಳಲ್ಲಿ ಆಯಿ ಎನ್ನುತ್ತಾರೆ. ಆ ಪದದಲ್ಲಿ ಉಸಿರಿಗೆ ಅಡ್ಡ ನಿಲ್ಲುವ ಒಂದು ಅಕ್ಷರವೂ ಇಲ್ಲ. ಒಡೆದ ಬಾಯಲ್ಲೂ ಸಲೀಸಾಗಿ ಹರಿಯುತ್ತದೆ. ನೀಲಮ್ಮನವರು ಇದನ್ನು ಮೊಮ್ಮಗಳ ಪ್ರೀತಿ ಎಂದು ತಿಳಿದಿದ್ದರು. ಸಂಜೆ ಫೋನಿನಲ್ಲಿ ಪಾರು “ಆಯೀ” ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರೆ ಆ ಕಡೆಯಿಂದ, “ನೋಡ್ರಿ, ನನ್ನ ಹೆಸರು ಎಷ್ಟ ಸ್ವಚ್ಛ ಅಂತದ ಕೂಸು! ಮುತ್ಯಾನ ಹೆಸರು ನಾಲಿಗಿಗಿ ಹತ್ತವಲ್ದು,” ಎಂಬ ಮಾತು ಬರುತ್ತಿತ್ತು. ಫೋನು ಸ್ಪೀಕರಿನಲ್ಲಿರುತ್ತಿತ್ತು. ನಾನು ಅದೇ ಪಡಸಾಲೆಯಲ್ಲಿ ಕೂತಿರುತ್ತಿದ್ದೆ.

ವರ್ಣಮಾಲೆ ಕಲಿಸುತ್ತಲೇ ಮುದುಕನಾದವನು ನಾನು. ಒಂದು ಸಂಗತಿ ಗಮನಕ್ಕೆ ಬಂತು. ಮಗು ಪ ಎನ್ನಬೇಕಾದಲ್ಲಿ ಮ ಎನ್ನುತ್ತದೆ, ತ ಎನ್ನಬೇಕಾದಲ್ಲಿ ನ ಎನ್ನುತ್ತದೆ. ಸಾಲಿನ ಮೊದಲ ಅಕ್ಷರಕ್ಕೆ ಹೋಗಬೇಕಾದ ಉಸಿರು ಸಾಲಿನ ಕೊನೆಯ ಅನುನಾಸಿಕಕ್ಕೆ ಜಾರುತ್ತಿದೆ. ಮೂಗಿನಿಂದ ಹಾಲು ಬರುವ ದಾರಿಯಲ್ಲೇ ಮಾತೂ ಬರುತ್ತಿದೆ. ಇದನ್ನು ಮಗನಿಗೆ ಹೇಳಿದೆ. ಶಿಫ್ಟ್ ಮುಗಿಸಿ ಬಂದಿದ್ದ ಅವನು, “ಸಣ್ಣ ಕೂಸಪ್ಪಾ, ಈಗಲೇ ವ್ಯಾಕರಣ ಯಾಕ?” ಎಂದು ಮಗ್ಗುಲಾದ.

ಸ್ವಲ್ಪ ದಿನಗಳಲ್ಲೇ ನೀಲಮ್ಮನವರು ಸಗರಕ್ಕೆ ಬಂದರು. ಅವರ ತೊಡೆಯ ಮೇಲೆ ಪಾರು ಬಾಯಿ ಅಗಲಿಸಿ ಅಳುತ್ತಿದ್ದಳು. ಹಲ್ಲು ಬರುತ್ತಿದೆಯೇನೋ ಎಂದು ಅವರು ಮೊಬೈಲಿನ ಬೆಳಕು ಹಿಡಿದರು.

“ಅಯ್ಯ ಶಿವನ! ಕೂಸಿನ ಅಂಗಳ ಸೀಳ್ಯಾದಲ್ಲ!”

ನಾನು ಬಗ್ಗಿ ನೋಡಿದೆ. ಕಿರುನಾಲಿಗೆ ಇರಬೇಕಾದಲ್ಲಿ ಎರಡು ತುಣುಕು. ನಡುವೆ ಕತ್ತಲೆ.

ಶಹಾಪುರದ ಮಕ್ಕಳ ಡಾಕ್ಟರು ನೋಡಿ ಕ್ಲೆಫ್ಟ್ ಪ್ಯಾಲೇಟ್ ಎಂದರು. ಮುಂದಿನ ಅಂಗುಳ ಗಟ್ಟಿಯಿದೆ, ಹಿಂದಿನ ಮೆತ್ತನೆಯ ಭಾಗ ಸೀಳಿದೆ, ಆಪರೇಷನ್ ಆಗಬೇಕು. “ಛಲೋ ಆತು ಈಗರೆ ಬಂದ್ರಿ. ಮೊದಲು ಯಾರು ನೋಡಿದ್ರಿ?” ಎಂದು ಕೇಳಿದರು.

“ನಮ್ಮವ್ವರಿ,” ಎಂದಳು ರೇಣುಕಾ.

ನಾನು ಅವಳ ಹಿಂದೆಯೇ ನಿಂತಿದ್ದೆ.

ಯಾದಗಿರಿಯ ಆಸ್ಪತ್ರೆಯೊಂದಕ್ಕೆ ಹೊರಗಿನಿಂದ ಸರ್ಜನ್ ಒಬ್ಬರು ಆಗಾಗ ಬಂದು ಇಂಥ ಆಪರೇಷನ್ ಮಾಡುತ್ತಿದ್ದರು. ಅವರು ಚಿತ್ರ ಬರೆದು ವಿವರಿಸಿದರು. ಮಾತಾಡುವಾಗ ಮೆತ್ತನೆಯ ಅಂಗುಳ ಎದ್ದು ಮೂಗಿನ ದಾರಿ ಮುಚ್ಚಬೇಕು. ಇಲ್ಲಿ ಮುಚ್ಚುವ ಬಾಗಿಲೇ ಎರಡು ಹೋಳಾಗಿದೆ. ನಾನು, “ಕಾಲುವಿ ಒಡ್ಡಿಗಿ ತೂತು, ಬೋಂಗಾ ಬಿದ್ದಾಂಗ್ರಿ. ನೀರು ಹೊಲಕ್ಕ ಮುಟ್ಟೂದಕ್ಕಿಂತ ಮೊದಲ ಹಳ್ಳಕ್ಕ ಹೋಗ್ತದ,” ಎಂದೆ. ಅವರು ಪೆನ್ನು ಎತ್ತಿ ನನ್ನನ್ನು ನೋಡಿದರು. “ಬರೋಬ್ಬರಿ ಹೇಳಿದ್ರಿ ಅಜ್ಜಾರ,” ಎಂದರು. ಈ ಇಡೀ ಪ್ರಕರಣದಲ್ಲಿ ನನಗೆ ದೊರೆತ ಮನ್ನಣೆ ಅಷ್ಟು.

ಹಿಮೋಗ್ಲೋಬಿನ್ ಕಡಿಮೆ ಇತ್ತು. ತೂಕವೂ ಸಾಲದು. ಇಷ್ಟರಲ್ಲಿ ಅನೆಸ್ತೇಶಿಯಾ ಕೊಡಲಾಗದು, ಮಗು ಗಟ್ಟಿಯಾಗಲಿ, ಶ್ರಾವಣ ಮುಗಿದ ಮೇಲೆ ನೋಡೋಣ ಎಂದರು.

ಗಟ್ಟಿ ಮಾಡಿದವನು ನಾನು. ಜೋಳದ ಗಂಜಿಯನ್ನು ಎರಡು ಸಲ ಸೋಸಿದೆ. ತೊಗರಿಬೇಳೆಯ ಕಟ್ಟಿಗೆ ನುಗ್ಗೆಸೊಪ್ಪು ಅರೆದು ಹಾಕಿದೆ. ಖರ್ಜೂರ ನೆನೆಸಿ ಹಿಸುಕಿದೆ. ಐರನ್ ಸಿರಪ್ಪಿನ ರುಚಿಗೆ ಮಗು ಮುಖ ಸಿಂಡರಿಸಿದರೆ ಮೊದಲು ನಾನೊಂದು ಹನಿ ನೆಕ್ಕಿ, ಆಹಾ ಎಂದು ತೋರಿಸಿ ಕುಡಿಸಿದೆ. ನನ್ನ ಹೆಂಡತಿ ಮಲ್ಲಿಕಾರ್ಜುನನಿಗೆ ಹಾಲು ಕುಡಿಸುತ್ತಿದ್ದ ಬೆಳ್ಳಿಯ ಒಳಲೆಯನ್ನು ಪೆಟ್ಟಿಗೆಯಿಂದ ತೆಗೆದು, ಹುಣಸೆಹಣ್ಣಿನಿಂದ ಉಜ್ಜಿ, ಅದರಲ್ಲೇ ಕುಡಿಸಿದೆ. ಕಾಲುವೆಗೆ ನೀರು ಬಿಡುವ ಹೊತ್ತಿಗೆ ಮಗುವಿನ ಕೆನ್ನೆಗೆ ಬಣ್ಣ ಬಂದಿತ್ತು. ರಕ್ತದ ರಿಪೋರ್ಟ್ ನೋಡಿದ ನರ್ಸ್, “ಭಾಳ ಛಲೋ ತಿನ್ನಿಸೀಯಬೇ,” ಎಂದು ರೇಣುಕಾಳ ಬೆನ್ನು ತಟ್ಟಿದಳು. ಸೊಸೆ ಇಲ್ಲ ಎನ್ನಲಿಲ್ಲ.

ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ; ತಡೆಯುವ ಹಾಗಿಲ್ಲ. ರೇಣುಕಾ ಪಾರುವನ್ನು ಕರೆದುಕೊಂಡು ಸುರಪುರಕ್ಕೆ ಹೋದಳು. ಮಲ್ಲಿಕಾರ್ಜುನನೂ ರಜೆ ಹಾಕಿ ಅತ್ತೆಯ ಮನೆ ಸೇರಿದ. ಆಟೋ ಹತ್ತುವಾಗ ನೀಲಮ್ಮನವರಿಗೆ ಹೇಳಿಕಳಿಸಿದೆ: ಉಂಡಿ ಗಟ್ಟಿ ಇರುತ್ತದೆ, ಮಗುವಿಗೆ ಕೊಡಬಾರದು.

ಈಗ ಆ ಫೋನಿನ ವಿಷಯ.

ಪುಸ್ತಕದಲ್ಲಿ ಅಂಗುಳ ಬೇರೆ, ಅಂಗಳ ಬೇರೆ. ಒಂದು ಬಾಯಿಯೊಳಗಿನದು, ಇನ್ನೊಂದು ಬಾಗಿಲ ಹೊರಗಿನದು. ನಮ್ಮ ಸೀಮೆಯವರ ಮಾತಿನಲ್ಲಿ ಎರಡೂ ಅಂಗಳವೇ. ಜೀವಮಾನವಿಡೀ ಈ ಉ-ಕಾರಕ್ಕಾಗಿ ನಾನು ಬಾಯಿ ನೋಯಿಸಿಕೊಂಡಿದ್ದೇನೆ. ನನ್ನ ಮಗನೇ ಕಲಿಯಲಿಲ್ಲ.

ಪಂಚಮಿ ಕಳೆದ ಮೇಲೆ ಒಂದು ಮಧ್ಯಾಹ್ನ ಗದ್ದೆಗೆ ನೀರಿನ ಪಾಳಿ ನನ್ನದಾಗಿತ್ತು. ಪಾಳಿ ತಪ್ಪಿದರೆ ಮೇಲಿನ ಹೊಲದವನು ತೂಬು ತಿರುಗಿಸಿಕೊಳ್ಳುತ್ತಾನೆ. ಕೆಸರಿಗೆ ಬಿದ್ದೀತೆಂದು ಫೋನನ್ನು ಪಕ್ಕದ ಮನೆಯ ಶಾಂತಮ್ಮನ ಕೈಲಿ ಕೊಟ್ಟು ಹೋಗಿದ್ದೆ. ಸಂಜೆ ಹಿಂತಿರುಗಿದಾಗ ಅವಳು ಕಟ್ಟೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು.

“ಮಾಸ್ತರ್ರ, ಮಲ್ಲು ಫೋನ್ ಮಾಡಿದ್ದನ್ರಿ. ಅಂಗಳದ ಕೆಲಸ ನಾಳಿಗೇ ಹಿಡಿತಾರಂತ. ಮುಂಜಾನಿ ಲಗೂನ ಬರ್ರಿ ಅಂದಾನ.”

“ಯಾರ ಅಂಗಳ?”

“ಬೀಗರದೇ ಇರ್ಬೇಕ್ರಿ. ಸುರಪುರದಿಂದ ಮಾಡಿದ್ದ.”

ನೀಲಮ್ಮನವರು ತಮ್ಮ ಅಂಗಳಕ್ಕೆ ಫರಸಿ ಹಾಕಿಸುವ ಮಾತನ್ನು ಯುಗಾದಿಯಿಂದ ಆಡುತ್ತಿದ್ದರು. ಕಲ್ಲು ಬಂದಿದೆ, ಕೂಡಿಸುವ ಗವಂಡಿ ಸಿಗುತ್ತಿಲ್ಲ ಎನ್ನುತ್ತಿದ್ದರು. ಮಗುವಿನ ಆಪರೇಷನ್ ಶ್ರಾವಣ ಕಳೆದ ಮೇಲೆ ಎಂದು ಡಾಕ್ಟರೇ ಹೇಳಿದ್ದರು. ಹೀಗಿರುವಾಗ ನಾನು ಏನೆಂದು ತಿಳಿಯಬೇಕಿತ್ತು? ಗದ್ದೆಯ ನೀರು ಬಿಟ್ಟು ಬೀಗತಿಯ ಅಂಗಳದ ಕಲ್ಲು ಎಣಿಸಲು ನಾನು ಮುಂಜಾನೆ ಲಗೂನ ಹೋಗಬೇಕೇ? ಅವರ ಮನೆಯ ಉಸ್ತುವಾರಿಗೆ ನಾನು ಆಳೇ? ತಿರುಗಿ ಫೋನು ಮಾಡಲಿಲ್ಲ. ಮಾಡುವ ಅಗತ್ಯ ನನಗೆ ಕಾಣಲಿಲ್ಲ. ಅವರೂ ಮತ್ತೆ ಮಾಡಲಿಲ್ಲ. ಸರ್ಜನ್ ಗೊತ್ತಾದ ದಿನಕ್ಕಿಂತ ಮೊದಲೇ ಬರುವಂತಾಗಿ, ಮಗುವನ್ನು ಮರುದಿನವೇ ಖಾಲಿಹೊಟ್ಟೆಯಲ್ಲಿ ತರಬೇಕೆಂದು ಆಸ್ಪತ್ರೆಯವರು ಅವಸರ ಮಾಡಿದ್ದರಂತೆ. ಅಷ್ಟು ಅವಸರದಲ್ಲೂ ನೀಲಮ್ಮನವರಿಗೆ ಇಳಕಲ್ ಸೀರೆ ಉಡಲು ಪುರಸತ್ತು ಸಿಕ್ಕಿತ್ತು.

ಮರುದಿನ ಮಧ್ಯಾಹ್ನ. ನಾನು ಬದುವಿನ ಮೇಲೆ ಬುತ್ತಿ ಬಿಚ್ಚಿದ್ದೆ. ಫೋನು ನನ್ನ ಬಳಿಯೇ ಇತ್ತು.

“ಆಪರೇಷನ್ ಆತಪ್ಪಾ. ನೀ ಯಾಕ ಬರ್ಲಿಲ್ಲ?”

ಯಾವ ಆಪರೇಷನ್ ಎಂದು ನಾನು ಕೇಳಿದೆ.

“ಪಾರೂಂದಪ್ಪಾ,” ಎಂದ ಮಲ್ಲಿಕಾರ್ಜುನ.

ಕೆಸರುಗಾಲಲ್ಲೇ ಶಹಾಪುರಕ್ಕೆ ಆಟೋ, ಅಲ್ಲಿಂದ ಯಾದಗಿರಿಗೆ ಬಸ್ಸು. ಭೀಮೆಯ ಸೇತುವೆ ದಾಟಿದ್ದು ತಿಳಿಯಲಿಲ್ಲ. ಮಗುವನ್ನು ಒಳಗೆ ಒಯ್ಯುವಾಗ ಅದು ಯಾರನ್ನು ಕೂಗಿರಬೇಕು ಎಂಬುದೊಂದೇ ತಲೆಯಲ್ಲಿ. ಕೂಗುವಾಗ ಅದರ ಬಾಯಿಗೆ ಸಲೀಸಾಗಿ ಬರುವ ಹೆಸರು ಯಾವುದೆಂದು ನನಗೆ ಗೊತ್ತಿತ್ತು.

ವಾರ್ಡಿನ ಬಾಗಿಲಲ್ಲಿ ತಡೆದರು. ತಾಯಿಯ ಜೊತೆ ಒಬ್ಬರಿಗೆ ಮಾತ್ರ ಪಾಸ್. ಆ ಪಾಸ್ ನೀಲಮ್ಮನವರ ಕೊರಳಲ್ಲಿತ್ತು. ಮಲ್ಲಿಕಾರ್ಜುನ ಯಾರನ್ನೋ ಬೇಡಿಕೊಂಡು ನನ್ನನ್ನು ಸ್ವಲ್ಪ ಹೊತ್ತು ಒಳಗೆ ಬಿಡಿಸಿದ.

ಪಾರು ನೀಲಮ್ಮನವರ ತೊಡೆಯ ಮೇಲಿದ್ದಳು. ಬೆರಳು ಬಾಯಿಗೆ ಹಾಕದಂತೆ ಎರಡೂ ಮೊಣಕೈಗಳಿಗೆ ಪಟ್ಟಿ ಕಟ್ಟಿದ್ದರು. ಕೈಗಳು ಬೆದರುಗೊಂಬೆಯ ಕೈಗಳಂತೆ ನೆಟ್ಟಗೆ ಚಾಚಿದ್ದವು. ತುಟಿಯಂಚಿನಿಂದ ಕೆಂಪು ಬೆರೆತ ಜೊಲ್ಲು ಇಳಿಯುತ್ತಿತ್ತು. ಮುಖ ಊದಿತ್ತು. ನನ್ನನ್ನು ಕಂಡು ಬಾಯಿ ತೆರೆದಳು. ಸ್ವರ ಬರಲಿಲ್ಲ. ಕಣ್ಣಿಂದ ನೀರು ಮಾತ್ರ ಬಂತು.

“ಬಾಯಿ ತೆರಸಬ್ಯಾಡ್ರಿ ಬೀಗರ. ಹೊಲಿಗಿ ಅವ,” ಎಂದು ನೀಲಮ್ಮನವರು ಮಗುವಿನ ಮುಖವನ್ನು ತಮ್ಮ ಸೆರಗಿನತ್ತ ತಿರುಗಿಸಿದರು.

ಅಲ್ಲೇ ವಿಚಾರಣೆ ನಡೆಯಿತು. ದನಿ ತಗ್ಗಿಸಿ, ಆದರೆ ನಡೆಯಿತು.

“ಶಾಂತಮ್ಮಾಯಿಗಿ ಹೇಳಿದ್ನಲ್ಲಪ್ಪಾ, ಅಂಗಳದ ಕೆಲಸ ಅಂತ,” ಎಂದ ಮಗ.

“ಅಂಗಳ ಅಂದ್ರ ಕೂಸಿನ ಅಂಗಳ ಅಂತ ನಾ ಹ್ಯಾಂಗ ತಿಳೀಬೇಕೋ? ಪಾರೂನ ಹೆಸರು ಹೇಳ್ಲಾಕ ಏನಾಗಿತ್ತು? ಆಪರೇಷನ್ ಅನ್ನೂ ಶಬ್ದ ನಿನ್ನ ಬಾಯಾಗ ಇರಲಿಲ್ಲೇನು?”

“ಆ ಶಬ್ದ ಹೊರಗಿನವ್ರ ಮುಂದ ಆಡಬ್ಯಾಡ, ಕೂಸಿಗಿ ಕಣ್ಣಾಗ್ತದ ಅಂತ ಅತ್ತಿ ಅಂದ್ರು…”

ನೀಲಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಆ ಹೊತ್ತಿನಲ್ಲಿ ನಗು. “ಫರಸಿ ಹಾಕ್ತಾರ ಅಂತ ತಿಳಿದ್ರೇನ್ರಿ? ಅಯ್ಯ ಮಾಸ್ತರ್ರ, ಕನ್ನಡಾ ಕಲಿಸಿದವ್ರಿಗೇ ಕನ್ನಡಾ ತಿಳೀದಿದ್ರ ನಮ್ಮಂಥವ್ರ ಗತಿ ಏನ್ರಿ?”

ಅವರ ಕಣ್ಣು ಕೆಂಪಾಗಿತ್ತೆಂಬುದನ್ನು, ಇಳಕಲ್ ಸೀರೆಯ ಸೆರಗಿನ ತುಂಬ ಮಗುವಿನ ರಕ್ತದ ಕಲೆಗಳಿದ್ದವೆಂಬುದನ್ನು ಬಲ್ಲೆ. ಅದನ್ನೂ ಬರೆಯುತ್ತೇನೆ, ಏಕೆಂದರೆ ಪಕ್ಷಪಾತಿ ಎನಿಸಿಕೊಳ್ಳುವ ಇಚ್ಛೆ ನನಗಿಲ್ಲ.

ಅಂಗಿಯ ಜೇಬಿನಿಂದ ಬೆಳ್ಳಿಯ ಒಳಲೆ ತೆಗೆದೆ. ಅಷ್ಟು ಗಡಿಬಿಡಿಯಲ್ಲೂ ಮನೆಗೆ ಹೋಗಿ ಅದನ್ನು ತಂದಿದ್ದೆ. ನರ್ಸ್ ಮೂತಿಯ ಅಂಚನ್ನು ಬೆರಳಿನಿಂದ ಸವರಿ ನೋಡಿ ತಲೆಯಾಡಿಸಿದಳು. “ಲೋಹದ್ದು ಬ್ಯಾಡ್ರಿ ಅಜ್ಜಾರ. ಹೊಲಿಗಿಗಿ ತಾಗಿದ್ರ ಕಷ್ಟ. ಆ ಅಮ್ಮ ತಂದಾರಲ್ಲ, ಪ್ಲಾಸ್ಟಿಕ್ ಕಪ್, ಅದ ಛಲೋ ಅದ.” ಆ ಅಮ್ಮ ಕಪ್ಪು ಎತ್ತಿ ತೋರಿಸಿದರು. ಅದರ ಮೇಲೆ ಒಂದು ಬಾತುಕೋಳಿಯ ಚಿತ್ರವಿತ್ತು.

ಡಿಸ್ಚಾರ್ಜ್ ದಿನ ಮಗುವನ್ನು ಸಗರಕ್ಕೆ ಒಯ್ಯಲು ಕಾರು ಗೊತ್ತುಮಾಡಿಕೊಂಡು ಹೋದೆ. ನೀಲಮ್ಮನವರು ಚೀಲ ಕಟ್ಟಿ ಬಾಗಿಲಲ್ಲಿ ನಿಂತಿದ್ದರು.

“ಸುರಪುರಕ್ಕ ಒಯ್ತೀವ್ರಿ ಬೀಗರ. ಕೂಸಿಗಿ ಹೊಸಾ ಬಾಯಿ ಹುಟ್ಟ್ಯಾದ. ಹುಟ್ಟಿದ ಮ್ಯಾಲ ಬಾಣಂತನ ತವರಮನ್ಯಾಗ ಅಲ್ಲೇನ್ರಿ? ಮತ್ತ ನಿಮ್ಮ ಮನ್ಯಾಗ ಹೆಣ್ಣಿನ ದಿಕ್ಕಿಲ್ಲ.”

ವಾರ್ಡಿನ ಹೆಂಗಸರೆಲ್ಲ ಹೌದೌದು ಎಂದರು. ಬಾಣಂತನ ಹೆರಿಗೆಗೆ ಸಂಬಂಧಿಸಿದ ಪದವೆಂದೂ ಹೊಲಿಗೆಗೆ ಅನ್ವಯಿಸುವುದಿಲ್ಲವೆಂದೂ ನಾನು ವಿವರಿಸಿದೆ. ಹೆಣ್ಣಿನ ದಿಕ್ಕಿಲ್ಲದ ಆ ಮನೆಯ ಗಂಜಿಯಿಂದಲೇ ಹಿಮೋಗ್ಲೋಬಿನ್ ಏರಿದ್ದೆಂಬುದನ್ನೂ ಹೇಳಿದೆ. ಮಗ ನೆಲ ನೋಡಿದ. ಸೊಸೆ ತಾಯಿಯನ್ನು ನೋಡಿದಳು. ನಾನು ಗೊತ್ತುಮಾಡಿದ ಕಾರು ಸುರಪುರದ ಕಡೆ ಹೊರಟಿತು. ನಾನು ಬಸ್ಸಿನಲ್ಲಿ ಬಂದೆ.

ಆಮೇಲೆ ಸುರಪುರಕ್ಕೆ ನನ್ನ ಓಡಾಟ. ಮುಂಜಾನೆ ಗಂಜಿ ಕಾಯಿಸಿ, ಸೋಸಿ, ಥರ್ಮಾಸಿನಲ್ಲಿ ತುಂಬಿ ಬಸ್ಸು ಹತ್ತುತ್ತಿದ್ದೆ. ಅವರು ಬೇಡ ಎನ್ನುತ್ತಿರಲಿಲ್ಲ. ತೆಗೆದಿಟ್ಟು, ತಮ್ಮ ಗಂಜಿ ಮೊದಲು ಕುಡಿಸುತ್ತಿದ್ದರು. ನನ್ನದನ್ನು ಎರಡನೆಯ ಸರದಿಗೆ. ಆ ಸರದಿಗೆ ಮಗುವಿನ ಹೊಟ್ಟೆ ತುಂಬಿರುತ್ತಿತ್ತು.

ಒಂದು ದಿನ ಹೋದಾಗ ಮನೆಯೆಲ್ಲ ಗಾಬರಿಯಲ್ಲಿತ್ತು. ಮಗುವಿನ ಬಾಯಿಂದ ರಕ್ತ. ರೇಣುಕಾ ಅಳುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ನಾಲಗೆ ಒರೆಸಿದಾಗ ರೊಟ್ಟಿಯ ಒಂದು ಚೂರು ಸಿಕ್ಕಿತ್ತು.

“ನಿನ್ನಿ ನಿಮ್ಮ ಚೀಲದಾಗ ಏನಿತ್ರಿ ಬೀಗರ?” ಎಂದರು ನೀಲಮ್ಮನವರು.

ಆ ಚೂರನ್ನು ನನ್ನ ಅಂಗೈ ಮೇಲಿಟ್ಟುಕೊಂಡು ನೋಡಿದೆ. ತೆಳ್ಳಗಿನ, ಗರಿಗರಿಯಾದ ಕಟಕ ರೊಟ್ಟಿ, ಮೇಲೆ ಎಳ್ಳು. “ಅವ್ವಾರ,” ಎಂದೆ, “ನನ್ನ ಹೆಂಡತಿ ಹೋದ ಮ್ಯಾಲ ನಮ್ಮ ಮನ್ಯಾಗ ಎಳ್ಳ ಹಚ್ಚಿದ ರೊಟ್ಟಿ ಆಗಿಲ್ಲ. ನನ್ನ ಕೈಯಾಗಿನ ರೊಟ್ಟಿ ಇಷ್ಟ ತೆಳ್ಳಗ ಬಂದಿದ್ರ ನಾ ಊರಿಗೆಲ್ಲ ಹಂಚ್ತಿದ್ದೆ.”

ರೊಟ್ಟಿಯ ಬುಟ್ಟಿ ಅವರ ಅಡುಗೆಮನೆಯಲ್ಲಿ ಮಗುವಿನ ಎಟುಕಿನಲ್ಲೇ ಇತ್ತು. ಕೈಗೆ ಪಟ್ಟಿ ಕಟ್ಟಿದ್ದರೂ ಬುಟ್ಟಿಗೆ ಬಾಯಿ ಹಾಕಬಹುದೆಂಬುದನ್ನು ಅಂಗನವಾಡಿ ಕಲಿಸಿರಲಿಲ್ಲ. ಯಾರೂ ಕ್ಷಮೆ ಕೇಳಲಿಲ್ಲ. ನೀಲಮ್ಮನವರು ಒಳಗೆ ಹೋಗಿ ನನಗೆ ಚಹಾ ತಂದರು, ಸಕ್ಕರೆ ಜಾಸ್ತಿ ಹಾಕಿ. ಅಂದು ಯಾದಗಿರಿಗೆ ಓಡಿದಾಗ ಕಾರಿನಲ್ಲಿ ಮಗು ನನ್ನ ತೊಡೆಯ ಮೇಲಿತ್ತು. ಯಾರೂ ಕೇಳಿ ತೆಗೆದುಕೊಳ್ಳಲಿಲ್ಲ. ಮಗುವಿನ ತಲೆ ನನ್ನ ಎದೆಗೆ ತಾಗಿ ಬಿಸಿಯಾಗಿತ್ತು. ಹೊಲಿಗೆ ಬಿಚ್ಚಿದ್ದರೆ ಮತ್ತೆ ಆಪರೇಷನ್. ಮತ್ತೆ ಹಸಿವು, ಮತ್ತೆ ಆ ಬಾಗಿಲು. ಮಾತು ಎಂದಿಗೋ.

ಹೊಲಿಗೆ ಬಿಚ್ಚಿರಲಿಲ್ಲ. ಒಂದು ಕಡೆ ಸೂಜಿಮೊನೆಯಷ್ಟು ತೂತು ಬಿದ್ದಿರಬಹುದು, ತಾನೇ ಮುಚ್ಚೀತು, ಕಾದು ನೋಡೋಣ ಎಂದರು ಡಾಕ್ಟರು. ಇಂದಿಗೂ ಕಾದು ನೋಡುತ್ತಿದ್ದೇವೆ.

ಗಾಯ ಮಾಗಿದ ಮೇಲೆ ಸ್ಪೀಚ್ ಥೆರಪಿ. ನನ್ನ ಬದುಕಿನಲ್ಲಿ ಕಾಯುತ್ತಿದ್ದ ದಿನವೆಂದರೆ ಅದು. ಶುಭ್ರ ಧೋತರ ಉಟ್ಟು, ಅಕ್ಷರದ ಪಟಗಳನ್ನು ಸುತ್ತಿಕೊಂಡು ಯಾದಗಿರಿಗೆ ಹೋದೆ. ಥೆರಪಿಸ್ಟ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಂಗೈ ಮೇಲೆ ಒಂದಿಷ್ಟು ಹತ್ತಿ ಇಟ್ಟು, ಬಾಯ ಮುಂದೆ ಹಿಡಿದು ಪ ಎಂದಳು. ಹತ್ತಿ ಹಾರಿತು. ಮ ಎಂದಳು. ಹತ್ತಿ ಕದಲಲಿಲ್ಲ. “ಬಾಯಾಗಿಂದ ಗಾಳಿ ಬಂದ್ರ ಹತ್ತಿ ಹಾರ್ತದ. ಮನ್ಯಾಗ ದಿನಾ ಮಾಡಿಸ್ರಿ. ಒಬ್ರೇ ಕಲಿಸಬೇಕು, ನಾಕು ಮಂದಿ ನಾಕು ನಮೂನಿ ಹೇಳಿದ್ರ ಕೂಸು ಗಲಿಬಿಲಿ ಆಗ್ತದ. ಯಾರ ಕಲಿಸ್ತೀರಿ?”

ನಾನು ಗಂಟಲು ಸರಿಮಾಡಿಕೊಂಡೆ.

“ನಮ್ಮವ್ವ ಕಲಿಸ್ತಾಳ್ರಿ. ಅಂಗನವಾಡ್ಯಾಗ ಇದ್ದಳು,” ಎಂದಳು ರೇಣುಕಾ.

ಶಹಾಪುರ ತಾಲೂಕಿನ ಅರ್ಧ ಜನಕ್ಕೆ ಪ ಫ ಬ ಭ ಮ ಕಲಿಸಿದವನು ಕುರ್ಚಿಯಲ್ಲಿ ಕೂತಿದ್ದೆ. ಪಟಗಳು ಮಡಿಲಲ್ಲಿದ್ದವು. ಮಲ್ಲಿಕಾರ್ಜುನನೂ ನನ್ನಿಂದಲೇ ಕಲಿತವನು. ಅವನು ಹೆಂಡತಿಯ ಮಾತಿಗೆ ತಲೆಯಾಡಿಸಿದ. ಹಿಂತಿರುಗುವಾಗ ಪಟಗಳನ್ನು ಬಸ್ಸಿನ ಸೀಟಿನ ಕೆಳಗೆ ಬಿಟ್ಟು ಇಳಿದೆ. ಕಂಡಕ್ಟರ್ ಕೂಗಿ ಕೊಟ್ಟ.

ಆಮೇಲೆ ನಾನು ಸುರಪುರಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ಯಾರೂ ಏಕೆಂದು ಕೇಳಲಿಲ್ಲ. ಸುದ್ದಿ ಫೋನಿನಲ್ಲಿ ಬರುತ್ತಿತ್ತು. ಹತ್ತಿ ಹಾರಿತಂತೆ. ಮಾರು ಪಾರು ಆದಳಂತೆ. ಅಪ್ಪನನ್ನು ಅಪ್ಪ ಎಂದಾಗ ಮಲ್ಲಿಕಾರ್ಜುನ ಕಾರ್ಖಾನೆಯ ಗೇಟಿನಲ್ಲಿ ನಿಂತು ಅತ್ತನಂತೆ. ನನಗೆ ಸಂತೋಷವಾಯಿತು. ಆ ಸಂತೋಷದಲ್ಲಿ ಮುಳ್ಳಿತ್ತು; ಅದನ್ನು ಮುಚ್ಚಿಡುವುದಿಲ್ಲ. ಸಗರದ ಮನೆಯ ಕಟ್ಟೆಯ ಮೇಲೆ ಕೂತು, ನನ್ನ ಹೊಲದ ಹತ್ತಿಯನ್ನೇ ಅಂಗೈಯಲ್ಲಿಟ್ಟುಕೊಂಡು, ತ ಎಂದು ನೋಡುತ್ತಿದ್ದೆ. ಹತ್ತಿ ಸ್ವಲ್ಪವೇ ಕದಲುತ್ತಿತ್ತು. ತ ಕಷ್ಟದ ಅಕ್ಷರ. ಪ-ಕಾರದ ಹಾಗೆ ತುಟಿಯಲ್ಲಿ ಕಾಣುವುದಿಲ್ಲ. ಮಗುವಿಗೆ ಒಳಗಿನದನ್ನು ತೋರಿಸುವುದು ಹೇಗೆ? ಬೀಗತಿಗೆ ಅದು ತಿಳಿದಿದೆಯೇ? ತಿಳಿಯದಿದ್ದರೆ ಕೇಳಬಾರದೇ?

ಶೀಗಿ ಹುಣ್ಣಿಮೆ ಹತ್ತಿರ ಬಂತು. ಹೊಲಕ್ಕೆ ಎಡೆಯ ಚರಗ ಚೆಲ್ಲುವ ಹಬ್ಬಕ್ಕೆ ಮನೆಯ ಮಗು ಮನೆಯಲ್ಲಿರಬೇಕು. ಒಂದು ಶುಕ್ರವಾರ ಕರೆದುತರಲು ಹೋದೆ.

ನೀಲಮ್ಮನವರ ಅಂಗಳ ಮಣ್ಣಿನದಾಗಿಯೇ ಇತ್ತು. ಫರಸಿಕಲ್ಲುಗಳು ಗೋಡೆಗೆ ಒರಗಿ, ಸಂದಿಯಲ್ಲಿ ಹುಲ್ಲು ಬೆಳೆದು ನಿಂತಿದ್ದವು. ಕೂಸು ಓಡಾಡಿ ಕಲ್ಲಿನ ಮೇಲೆ ಬಿದ್ದರೆ ಬಾಯಿಗೆ ಪೆಟ್ಟಾದೀತೆಂದು ಗವಂಡಿಯನ್ನು ಎರಡು ಸಲ ಹಿಂದಕ್ಕೆ ಕಳಿಸಿದ್ದಾರೆಂದು ಆಮೇಲೆ ತಿಳಿಯಿತು. ಆ ಮಣ್ಣಿನಲ್ಲಿ ಪಾರು ಕೂತಿದ್ದಳು. ಕೈಗೆ ಪಟ್ಟಿ ಇರಲಿಲ್ಲ. ಎದುರಿಗೆ ನೀಲಮ್ಮನವರು ಅಂಗೈ ಮೇಲೆ ಹತ್ತಿ ಹಿಡಿದಿದ್ದರು. ನನ್ನನ್ನು ನೋಡಿದರು.

“ಯಾರು ಬಂದಾರ, ಹೇಳವ್ವಾ ಪಾರಮ್ಮ?”

ಮಗು ತಿರುಗಿತು.

“ಮುತ್ಯಾ.”

ಮೂಗಿನ ದನಿ ತುಸು ಉಳಿದಿತ್ತು. ಆದರೆ ನಡುವೆ ತ ಇತ್ತು. ಹಲ್ಲಿನ ಹಿಂದೆ ನಾಲಗೆ ತಾಗಿ, ಉಸಿರು ನಿಂತು, ಒಡೆದು ಬಂದ ಸ್ಫುಟವಾದ ತ. ಹತ್ತಿ ನೀಲಮ್ಮನವರ ಅಂಗೈಯಿಂದ ಹಾರಿ ಮಣ್ಣಿಗೆ ಬಿತ್ತು.

ನಾನು ಥರ್ಮಾಸು ಕೆಳಗಿಟ್ಟೆ. ಓ ಎನ್ನುವುದನ್ನೂ ಮರೆತು, ಮಣ್ಣಿಗೆ ಬಿದ್ದ ಹತ್ತಿಯನ್ನು ಎತ್ತಿಕೊಂಡೆ.

“ಸೋಮವಾರದಿಂದ ಅನ್ನಾಕತ್ತದ್ರಿ ಬೀಗರ,” ಎಂದರು ನೀಲಮ್ಮನವರು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. “ಉಳಿದ ಶಬ್ದ ಎಲ್ಲಾ ಬಿಟ್ಟು ಇದೊಂದೇ ತಿದ್ದಿಸೀನಿ. ಫೋನಿನ್ಯಾಗ ಹೇಳಬಾರದು, ನೀವ ಬಂದು ಕೂಸಿನ ಬಾಯಾಗ ಕೇಳ್ಬೇಕು ಅಂತ ಮುಚ್ಚಿ ಇಟ್ಟಿದ್ದೆ. ನೀವರೆ ಬರವಲ್ಲರಿ!”

ಪಾರು ಈಗ ಸಗರದಲ್ಲಿದ್ದಾಳೆ. ದಿನವಿಡೀ ಕೂಗುತ್ತಾಳೆ, ನಾನು ದಿನವಿಡೀ ಓಗೊಡುತ್ತೇನೆ. ಸರ್ಜನ್‌ಗೆ, ಆ ಹತ್ತಿಯ ಹೆಣ್ಣುಮಗಳಿಗೆ, ರಕ್ತದ ಕಲೆಯ ಆ ಇಳಕಲ್ ಸೀರೆಗೆ ನಾನು ಋಣಿ. ಋಣ ಬೇರೆ, ಅನ್ಯಾಯ ಬೇರೆ. ಮಗ, ಸೊಸೆ ಮತ್ತು ಬೀಗತಿಯವರಿಗೆ ಇದೊಂದು ಪ್ರಶ್ನೆ. ಯಾರಾದರೂ ಒಬ್ಬರು ನೇರವಾಗಿ, ನನಗೇ, ಉತ್ತರ ಕೊಡಿ.

ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಮೊಮ್ಮಗಳು ಆ ಅಂಗಳದಲ್ಲಿ ಕೂತು ಮುತ್ಯಾ ಎಂದು ಕರೆದಾಗಲೆಲ್ಲ, ಓ ಎಂದವರು ಯಾರು?